ಬೀಗ ಗಟ್ಟಿ ಇದ್ದರೆ ಸಾಕೆ? ಎನ್‌ಕ್ರಿಪ್ಷನ್ ಲೋಪಗಳು ಮತ್ತು ನಾವು ಮುಂದೂಡುವ ಅಪ್‌ಡೇಟ್

'ಹೊಸ ಅಪ್‌ಡೇಟ್ ಬಂದಿದೆ, ಈಗ ಇನ್‌ಸ್ಟಾಲ್ ಮಾಡಬೇಕೆ?' ಎಂದು ಫೋನ್ ಕೇಳಿದಾಗ ನಮ್ಮಲ್ಲಿ ಬಹಳಷ್ಟು ಜನ ಒತ್ತುವ ಬಟನ್ 'ಆಮೇಲೆ'. ಇದಕ್ಕೆ ಕಾರಣಗಳೂ ಇವೆ. ಡೇಟಾ ಖರ್ಚಾಗುತ್ತದೆ, ಸ್ವಲ್ಪ ಹೊತ್ತು ಫೋನ್ ಬಳಸಲು ಆಗುವುದಿಲ್ಲ, ಅಪ್‌ಡೇಟ್ ಆದ ಮೇಲೆ ಫೋನ್ ನಿಧಾನವಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಇವುಗಳ ಜೊತೆಗೆ ಇನ್ನೊಂದು ಸಮಾಧಾನವೂ ಇರುತ್ತದೆ: 'ಬ್ಯಾಂಕಿನ ಆ್ಯಪ್, ಮೆಸೇಜು ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತವಲ್ಲ, ಕದ್ದರೂ ಓದಲು ಆಗುವುದಿಲ್ಲ. ಮತ್ತೇಕೆ ಅವಸರ?'

ಈ ಸಮಾಧಾನ ಅರ್ಧ ಮಾತ್ರ ಸರಿ. ಎನ್‌ಕ್ರಿಪ್ಷನ್ ಅಂದರೆ ಗೂಢಲಿಪೀಕರಣ. ಅದರ ಗಣಿತ ನಿಜಕ್ಕೂ ಗಟ್ಟಿ. ಆದರೆ ಆ ಗಣಿತವನ್ನು ನಡೆಸುವುದು ಮನುಷ್ಯರು ಬರೆದ ತಂತ್ರಾಂಶ, ಅದರಲ್ಲಿ ತಪ್ಪುಗಳಿರುತ್ತವೆ. ಆ ತಪ್ಪುಗಳನ್ನು ಸರಿಪಡಿಸುವ ದಾರಿ ಅಪ್‌ಡೇಟ್. ಅದು ಯಾವುದನ್ನು ಸರಿಪಡಿಸುತ್ತದೆ, ಯಾವುದನ್ನು ಸರಿಪಡಿಸುವುದಿಲ್ಲ, ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಣಿತ ಬೇರೆ, ತಂತ್ರಾಂಶ ಬೇರೆ

ಇಂದು ಹೆಚ್ಚು ಬಳಕೆಯಲ್ಲಿರುವ ಎನ್‌ಕ್ರಿಪ್ಷನ್ ವಿಧಾನಗಳಲ್ಲಿ ಒಂದು ಎಇಎಸ್. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನು 2001ರಲ್ಲಿ ಅಧಿಕೃತ ಮಾನಕವಾಗಿ ಒಪ್ಪಿಕೊಂಡಿತು. ಇದರ 128 ಬಿಟ್ ಕೀಲಿಯನ್ನು ಊಹಿಸಲು ಹೊರಟರೆ ಇರುವ ಸಾಧ್ಯತೆಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಒಂದೊಂದನ್ನೇ ಪರೀಕ್ಷಿಸುತ್ತಾ ಹೋಗುವುದು ಜಗತ್ತಿನ ಎಲ್ಲ ಕಂಪ್ಯೂಟರ್‌ಗಳು ಸೇರಿದರೂ ಆಗದ ಕೆಲಸ.

ಆದರೆ ಗಣಿತ ತಾನಾಗಿಯೇ ಕೆಲಸ ಮಾಡುವುದಿಲ್ಲ. ಕೀಲಿಯನ್ನು ಸೃಷ್ಟಿಸಬೇಕು, ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು, ಎದುರಿನ ಕಂಪ್ಯೂಟರ್ ಯಾರದ್ದು ಎಂದು ಪರೀಕ್ಷಿಸಬೇಕು, ಬಂದ ಸಂದೇಶದ ಉದ್ದವನ್ನು ಅಳೆಯಬೇಕು. ಇದಕ್ಕೆಲ್ಲ ಲಕ್ಷಾಂತರ ಸಾಲುಗಳ ಕೋಡ್ ಬೇಕು. ಕಳ್ಳ ಬೀಗವನ್ನೇ ಒಡೆಯಬೇಕೆಂದಿಲ್ಲ. ಕೀಲಿ ಎಲ್ಲಿಟ್ಟಿದ್ದಾರೆಂದು ಗೊತ್ತಾದರೆ ಅವನಿಗೆ ಅಷ್ಟೇ ಸಾಕು. ಎನ್‌ಕ್ರಿಪ್ಷನ್ ವಿಷಯದಲ್ಲಿ ದೊಡ್ಡ ಸುದ್ದಿಯಾದ ಲೋಪಗಳಲ್ಲಿ ಹಲವು ಇಂಥವೇ. ಗಣಿತ ಸರಿಯಾಗಿತ್ತು, ಸುತ್ತಲಿನ ಕೋಡ್ ಕೈಕೊಟ್ಟಿತ್ತು.

ಹಾರ್ಟ್‌ಬ್ಲೀಡ್: ಎಣಿಸದೆ ಕೊಟ್ಟ ಜೆರಾಕ್ಸ್

ಇದಕ್ಕೆ ಒಳ್ಳೆಯ ಉದಾಹರಣೆ ಹಾರ್ಟ್‌ಬ್ಲೀಡ್. ಓಪನ್ಎಸ್ಎಸ್ಎಲ್ ಎಂಬ ಉಚಿತ, ಮುಕ್ತ ತಂತ್ರಾಂಶವನ್ನು ಜಗತ್ತಿನ ಅಸಂಖ್ಯ ವೆಬ್ ಸರ್ವರ್‌ಗಳು ಬಳಸುತ್ತವೆ. ಬ್ರೌಸರಿನಲ್ಲಿ ಜಾಲತಾಣದ ವಿಳಾಸದ ಪಕ್ಕ ನಾವು ಕಾಣುತ್ತಿದ್ದ ಬೀಗದ ಚಿತ್ರದ ಹಿಂದೆ ಎಷ್ಟೋ ಕಡೆ ಕೆಲಸ ಮಾಡುತ್ತಿದ್ದದ್ದು ಇದೇ.

ಎರಡು ಕಂಪ್ಯೂಟರ್‌ಗಳ ನಡುವಿನ ಸುರಕ್ಷಿತ ಸಂಪರ್ಕ ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಅದರಲ್ಲಿ 'ಹಾರ್ಟ್‌ಬೀಟ್' ಎಂಬ ಸೌಲಭ್ಯವಿತ್ತು. ಒಂದು ಕಡೆಯವರು ಒಂದು ಚಿಕ್ಕ ಪದವನ್ನು ಕಳಿಸಿ, 'ಇದರಲ್ಲಿ ಇಷ್ಟು ಅಕ್ಷರಗಳಿವೆ, ಇದನ್ನೇ ವಾಪಸ್ ಕಳಿಸು' ಎನ್ನುತ್ತಾರೆ. ಇನ್ನೊಂದು ಕಡೆಯವರು ಹಾಗೆಯೇ ಕಳಿಸುತ್ತಾರೆ. ಅಲ್ಲಿಗೆ ಇಬ್ಬರೂ ಇದ್ದಾರೆ ಎಂದಾಯಿತು.

ತೊಂದರೆ ಇದ್ದದ್ದು ಎಣಿಕೆಯಲ್ಲಿ. ಜೆರಾಕ್ಸ್ ಅಂಗಡಿಗೆ ಹೋಗಿ ಒಂದೇ ಒಂದು ಹಾಳೆ ಕೊಟ್ಟು 'ಇದರಲ್ಲಿ ಅರವತ್ತು ಹಾಳೆ ಇದೆ, ಎಲ್ಲದರ ಪ್ರತಿ ಕೊಡಿ' ಎಂದರೆ, ಅಂಗಡಿಯವರು ಎಣಿಸದೆ ನಮ್ಮ ಹಾಳೆಯ ಕೆಳಗೆ ಮೇಜಿನ ಮೇಲಿದ್ದ ಬೇರೆ ಗಿರಾಕಿಗಳ ಕಾಗದಗಳನ್ನೂ ಸೇರಿಸಿ ಅರವತ್ತು ಪ್ರತಿ ಕೊಟ್ಟಂತೆ. ಸರ್ವರ್ ಕೂಡ ಹಾಗೆಯೇ ಮಾಡುತ್ತಿತ್ತು. ಬಂದ ಪದ ಚಿಕ್ಕದಿದ್ದರೂ ಕೇಳಿದಷ್ಟು ಉದ್ದಕ್ಕೆ ತನ್ನ ಮೆಮೊರಿಯ ಅಕ್ಕಪಕ್ಕದಲ್ಲಿ ಇದ್ದದ್ದನ್ನೆಲ್ಲ ಸೇರಿಸಿ ಕಳಿಸುತ್ತಿತ್ತು. ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್, ಹಾಗೆ ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಅದರಲ್ಲಿ ಬೇರೆಯವರ ಪಾಸ್‌ವರ್ಡ್ ಇರಬಹುದು, ಖಾತೆಯ ವಿವರ ಇರಬಹುದು, ಎಲ್ಲಕ್ಕಿಂತ ಮುಖ್ಯವಾಗಿ ಆ ಸರ್ವರ್‌ನ ಗುಪ್ತ ಕೀಲಿಯೇ ಇರಬಹುದು. ಹೀಗೆ ಕದ್ದದ್ದಕ್ಕೆ ಸರ್ವರ್‌ನ ಸಾಮಾನ್ಯ ದಾಖಲೆಗಳಲ್ಲಿ ಯಾವ ಗುರುತೂ ಉಳಿಯುತ್ತಿರಲಿಲ್ಲ.

ಈ ಕೋಡ್ ಇದ್ದ 1.0.1 ಆವೃತ್ತಿ ಹೊರಬಂದದ್ದು 2012ರ ಮಾರ್ಚ್‌ನಲ್ಲಿ. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೋಡೆನೊಮಿಕಾನ್ ಕಂಪನಿಯ ಎಂಜಿನಿಯರ್‌ಗಳು ಈ ಲೋಪವನ್ನು ಬೇರೆಬೇರೆಯಾಗಿ ಪತ್ತೆಹಚ್ಚಿದರು. 2014ರ ಏಪ್ರಿಲ್ 7ರಂದು ಅದು ಬಹಿರಂಗವಾಯಿತು. ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ತೆರೆದೇ ಇತ್ತು. ಸುಮಾರು ಐದು ಲಕ್ಷ ಸುರಕ್ಷಿತ ಜಾಲತಾಣಗಳಿಗೆ ಅಪಾಯವಿತ್ತು ಎಂದು ನೆಟ್‌ಕ್ರಾಫ್ಟ್ ಸಂಸ್ಥೆ ಅಂದಾಜು ಮಾಡಿತ್ತು. ಇಷ್ಟೆಲ್ಲ ಅಪಾಯಕ್ಕೆ ಪರಿಹಾರ ಕೆಲವೇ ಸಾಲುಗಳ ಕೋಡ್: ಹೇಳಿದ ಉದ್ದವೂ ನಿಜವಾದ ಉದ್ದವೂ ಹೊಂದುತ್ತವೆಯೇ ಎಂದು ನೋಡು, ಹೊಂದದಿದ್ದರೆ ಉತ್ತರ ಕೊಡಬೇಡ. ಅದೇ ದಿನ 1.0.1ಜಿ ಎಂಬ ಸರಿಪಡಿಸಿದ ಆವೃತ್ತಿಯೂ ಬಂತು.

ತೇಪೆ ಬಂದ ದಿನವೇ ಗುಟ್ಟು ರಟ್ಟು

ಸರಿಪಡಿಸಿದ ಆವೃತ್ತಿ ಬಂದ ಕೂಡಲೇ ಅಪಾಯ ಕಡಿಮೆಯಾಗಬೇಕಲ್ಲವೇ? ಅಪ್‌ಡೇಟ್ ಮಾಡಿಕೊಂಡವರಿಗೆ ಹೌದು. ಮಾಡಿಕೊಳ್ಳದವರಿಗೆ ಅಂದಿನಿಂದ ಅಪಾಯ ಹೆಚ್ಚಾಗುತ್ತದೆ. ಏಕೆಂದರೆ ಅಲ್ಲಿಯವರೆಗೆ ಆ ಲೋಪ ಕೆಲವರಿಗೆ ಮಾತ್ರ ಗೊತ್ತಿರುತ್ತದೆ. ತೇಪೆ ಹೊರಬಿದ್ದ ಮೇಲೆ ಹಳೆಯ ಕೋಡನ್ನೂ ಹೊಸ ಕೋಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ತೂತಿತ್ತು ಎಂಬುದು ಬಲ್ಲವರಿಗೆಲ್ಲ ತಿಳಿದುಬಿಡುತ್ತದೆ.

ಕೆನಡಾದ ಕಂದಾಯ ಇಲಾಖೆಗೆ ಆದದ್ದು ಇದೇ. ಹಾರ್ಟ್‌ಬ್ಲೀಡ್ ಬಹಿರಂಗವಾದ ಬೆನ್ನಲ್ಲೇ ಆ ಇಲಾಖೆ ಮುನ್ನೆಚ್ಚರಿಕೆಯಾಗಿ ತನ್ನ ಆನ್‌ಲೈನ್ ಸೇವೆಗಳನ್ನು ನಿಲ್ಲಿಸಿತು. ಅದು ಜನ ತೆರಿಗೆ ಲೆಕ್ಕ ಸಲ್ಲಿಸುತ್ತಿದ್ದ ಏಪ್ರಿಲ್ ತಿಂಗಳು. ಆದರೆ ಅಷ್ಟರಲ್ಲೇ ಆರು ಗಂಟೆಗಳ ಅವಧಿಯಲ್ಲಿ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳುವಾಗಿದ್ದವು. ತಡವಾದದ್ದು ವರ್ಷವಲ್ಲ, ತಿಂಗಳಲ್ಲ, ಗಂಟೆಗಳ ಲೆಕ್ಕ.

ಅದೇ ವರ್ಷದ ಫೆಬ್ರವರಿಯಲ್ಲಿ ಆಪಲ್ ಸಾಧನಗಳಲ್ಲೂ ಇಂಥದೊಂದು ಪ್ರಸಂಗ ನಡೆಯಿತು. ಸುರಕ್ಷಿತ ಸಂಪರ್ಕದ ಕೋಡಿನಲ್ಲಿ 'ಗೋಟು ಫೇಲ್' ಎಂಬ ಒಂದು ಸಾಲು ತಪ್ಪಿ ಎರಡು ಸಲ ಬಂದಿತ್ತು. ಆ ಹೆಚ್ಚುವರಿ ಸಾಲಿನಿಂದಾಗಿ ಎದುರಿನ ಸರ್ವರ್ ಅಸಲಿಯೇ ಎಂದು ನೋಡುವ ಒಂದು ಮುಖ್ಯ ಪರೀಕ್ಷೆ ನಡೆಯದೆಯೇ ಹಾದುಹೋಗುತ್ತಿತ್ತು. ಐಫೋನ್‌ಗಳಿಗೆ ಅಪ್‌ಡೇಟ್ ಬಂದದ್ದು ಫೆಬ್ರವರಿ 21ಕ್ಕೆ. ಮ್ಯಾಕ್ ಕಂಪ್ಯೂಟರ್‌ಗಳಲ್ಲೂ ಅದೇ ಲೋಪವಿತ್ತು, ಅವುಗಳಿಗೆ ಬಂದದ್ದು 25ಕ್ಕೆ. ನಡುವಿನ ನಾಲ್ಕು ದಿನ ಮ್ಯಾಕ್ ಬಳಸುವವರು ಎಲ್ಲರಿಗೂ ಗೊತ್ತಾದ ತೂತಿನ ಜೊತೆಗೇ ಇರಬೇಕಾಯಿತು. ಅವರಿಗೆ ಬೇರೆ ದಾರಿ ಇರಲಿಲ್ಲ. ಅಪ್‌ಡೇಟ್ ಬಂದ ಮೇಲೂ 'ಆಮೇಲೆ' ಎನ್ನುವವರು ಅಂಥ ಸ್ಥಿತಿಯನ್ನು ತಾವಾಗಿಯೇ ಆರಿಸಿಕೊಳ್ಳುತ್ತಾರೆ.

ಇಲ್ಲಿ ರೀಸ್ಟಾರ್ಟ್ ಬಗ್ಗೆಯೂ ಒಂದು ಮಾತು. ಓಡುತ್ತಿರುವ ಪ್ರೋಗ್ರಾಂ ಹಳೆಯ ಕೋಡನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಡಿಸ್ಕಿನಲ್ಲಿ ಹೊಸ ಕಡತ ಬಂದು ಕುಳಿತರೂ ಆ ಪ್ರೋಗ್ರಾಂ ಮತ್ತೆ ಶುರುವಾಗುವವರೆಗೆ ಹಳೆಯ ಲೋಪ ಹಾಗೆಯೇ ಇರುತ್ತದೆ. ಅಪ್‌ಡೇಟ್ ಆದ ಮೇಲೆ ಫೋನೋ ಕಂಪ್ಯೂಟರೋ 'ರೀಸ್ಟಾರ್ಟ್ ಮಾಡಿ' ಎಂದು ಕೇಳುವುದಕ್ಕೆ ಇದೇ ಮುಖ್ಯ ಕಾರಣ.

ಬೀಗ ರಿಪೇರಿಯಾದರೂ ಕಳೆದ ಕೀಲಿ ವಾಪಸ್ ಬರುವುದಿಲ್ಲ

'ಅಪ್‌ಡೇಟ್ ಆಯಿತು, ಇನ್ನು ಚಿಂತೆಯಿಲ್ಲ' ಎನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಅಪ್‌ಡೇಟ್ ಮುಚ್ಚುವುದು ಮುಂದಿನ ಕಳ್ಳತನದ ದಾರಿಯನ್ನು. ಈಗಾಗಲೇ ಯಾರೋ ಕೀಲಿಯ ನಕಲು ಮಾಡಿಕೊಂಡಿದ್ದರೆ ಅದು ಅವರ ಹತ್ತಿರವೇ ಇರುತ್ತದೆ.

ಹಾರ್ಟ್‌ಬ್ಲೀಡ್‌ನಿಂದ ಗುಪ್ತ ಕೀಲಿ ನಿಜವಾಗಿಯೂ ಸಿಗುತ್ತದೆಯೇ ಎಂಬ ಅನುಮಾನ ಮೊದಲಿಗೆ ಇತ್ತು. ಕ್ಲೌಡ್‌ಫ್ಲೇರ್ ಕಂಪನಿ ಲೋಪವಿರುವ ಒಂದು ಸರ್ವರನ್ನು ಬೇಕೆಂದೇ ತೆರೆದಿಟ್ಟು 'ಸಾಧ್ಯವಾದರೆ ಕೀಲಿ ತೆಗೆಯಿರಿ' ಎಂದು ಸವಾಲು ಹಾಕಿತು. ಕೆಲವೇ ಗಂಟೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕೀಲಿ ತೆಗೆದು ತೋರಿಸಿದರು. ಹಾಗಾಗಿ ಜಾಲತಾಣಗಳನ್ನು ನಡೆಸುವವರು ಮೂರು ಕೆಲಸ ಮಾಡಬೇಕಾಯಿತು. ಮೊದಲು ತಂತ್ರಾಂಶದ ಅಪ್‌ಡೇಟ್. ಎರಡನೆಯದು, ಹೊಸ ಕೀಲಿ ಮತ್ತು ಅದಕ್ಕೆ ಹೊಸ ಪ್ರಮಾಣಪತ್ರ. ಮೂರನೆಯದು, ಹಳೆಯ ಪ್ರಮಾಣಪತ್ರದ ರದ್ದತಿ. ಎಷ್ಟೋ ಜಾಲತಾಣಗಳು ಮೊದಲನೆಯದನ್ನಷ್ಟೇ ಮಾಡಿ ಸುಮ್ಮನಾದವು. ಕೆಲವು ಕಡೆ ಹಳೆಯ ಕೀಲಿಗೇ ಹೊಸ ಪ್ರಮಾಣಪತ್ರ ಪಡೆದದ್ದೂ ಉಂಟು. ಹೊಸ ಬೀಗ ತಂದು ಅದಕ್ಕೆ ಕಳೆದುಹೋದ ಕೀಲಿಯೇ ಹೊಂದುವಂತೆ ಮಾಡಿಸಿದ ಹಾಗಾಯಿತು.

ಬಳಕೆದಾರರು ಪಾಸ್‌ವರ್ಡ್ ಬದಲಿಸಬೇಕಾದದ್ದು ಈ ಮೂರೂ ಆದ ಮೇಲೆ. ಲೋಪ ಇನ್ನೂ ಇರುವ ತಾಣದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅದೇ ತೂತಿನಿಂದ ಸೋರಬಹುದು.

ಕೀಲಿ ಬದಲಿಸುವುದು ಎಷ್ಟು ಮುಖ್ಯ ಎಂಬುದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ಡೆಬಿಯನ್ ಪ್ರಸಂಗ. ಡೆಬಿಯನ್ ಎಂಬುದು ಲಿನಕ್ಸ್‌ನ ಒಂದು ಜನಪ್ರಿಯ ರೂಪ. 2006ರಲ್ಲಿ ಅದರ ಓಪನ್ಎಸ್ಎಸ್ಎಲ್‌ನಲ್ಲಿ ಬೇಡವೆಂದು ತೋರಿದ ಕೋಡನ್ನು ತೆಗೆದುಹಾಕಲಾಯಿತು. ಕೀಲಿಗಳು ಊಹೆಗೆ ನಿಲುಕದಂತೆ ಯಾದೃಚ್ಛಿಕ ಸಂಖ್ಯೆಗಳನ್ನು ಬೆರೆಸುತ್ತಿದ್ದದ್ದೇ ಆ ಕೋಡ್ ಎಂಬುದು ಗೊತ್ತಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟು ದಿನ ಆ ಯಂತ್ರಗಳಲ್ಲಿ ತಯಾರಾದ ಪ್ರತಿ ಬಗೆಯ ಕೀಲಿಗೂ ಇದ್ದ ಸಾಧ್ಯತೆಗಳು ಬರೀ 32,768. 39 ಅಂಕಿಗಳ ಸಂಖ್ಯೆಯ ಜಾಗದಲ್ಲಿ ಐದಂಕಿ! ಸಾಮಾನ್ಯ ಕಂಪ್ಯೂಟರ್ ಕೂಡ ಇವೆಲ್ಲವನ್ನೂ ಪಟ್ಟಿ ಮಾಡಿಬಿಡಬಹುದು. ಇಲ್ಲಿ ತಂತ್ರಾಂಶವನ್ನು ಅಪ್‌ಡೇಟ್ ಮಾಡಿದರೂ ಹಳೆಯ ಕೀಲಿ ದುರ್ಬಲವಾಗಿಯೇ ಉಳಿಯುತ್ತಿತ್ತು. ಅದಕ್ಕಾಗಿ ಡೆಬಿಯನ್ ತನ್ನ ಅಪ್‌ಡೇಟ್ ಜೊತೆ ದುರ್ಬಲ ಕೀಲಿಗಳ ಪಟ್ಟಿಯನ್ನೂ ಕೊಟ್ಟು, ಅಂಥ ಕೀಲಿ ಕಂಡರೆ ಒಳಗೆ ಬಿಡದಂತೆ ವ್ಯವಸ್ಥೆ ಮಾಡಿತು.

ಇಂಥ ಕೆಲಸವನ್ನು ಇಡೀ ದೇಶದ ಮಟ್ಟದಲ್ಲಿ ಮಾಡಬೇಕಾಗಿ ಬಂದದ್ದು ಎಸ್ಟೋನಿಯಾಕ್ಕೆ. 2017ರಲ್ಲಿ ಅಲ್ಲಿನ ಗುರುತಿನ ಚೀಟಿಗಳ ಚಿಪ್‌ನಲ್ಲಿ ಕೀಲಿ ತಯಾರಿಸುವ ವಿಧಾನ ದುರ್ಬಲ ಎಂಬುದು ಜೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಿಂದ ತಿಳಿದುಬಂತು. ಸುಮಾರು 7.6 ಲಕ್ಷ ಚೀಟಿಗಳಿಗೆ ಇದರ ಪರಿಣಾಮವಿತ್ತು. ಸರ್ಕಾರ ನವೆಂಬರ್ 3ರ ಮಧ್ಯರಾತ್ರಿಯಿಂದ ಹಳೆಯ ಪ್ರಮಾಣಪತ್ರಗಳನ್ನು ತಡೆಹಿಡಿಯಿತು. ಇಂಟರ್ನೆಟ್ ಮೂಲಕವೇ ಚೀಟಿಯನ್ನು ಅಪ್‌ಡೇಟ್ ಮಾಡಿಕೊಂಡು ಬೇರೆ ವಿಧಾನದ ಹೊಸ ಕೀಲಿ ಪಡೆಯುವ ವ್ಯವಸ್ಥೆಯೂ ಅಲ್ಲಿತ್ತು. ಚೀಟಿ ಬದಲಿಸದೆಯೇ ಕೀಲಿ ಬದಲಾಯಿತು.

'ಅಪ್‌ಡೇಟ್ ಮಾಡದವರೇ ಬಚಾವಾದರಲ್ಲ?'

ಕೆಲವರು ಇಲ್ಲೊಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಹಾರ್ಟ್‌ಬ್ಲೀಡ್ ಬಂದದ್ದೇ ಒಂದು ಹೊಸ ಆವೃತ್ತಿಯ ಮೂಲಕ. ಅದಕ್ಕಿಂತ ಹಳೆಯ 0.9.8 ಆವೃತ್ತಿಯಲ್ಲೇ ಉಳಿದವರಿಗೆ ಆ ಲೋಪ ಇರಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲು ಇಟ್ಟಿದ್ದು ಪತ್ತೆಯಾಯಿತು. ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹಿಡಿದರು. ಹಾಗಾದರೆ ಹಳೆಯದೇ ಒಳ್ಳೆಯದಲ್ಲವೇ?

ಅಲ್ಲ. ಹಳೆಯ ಆವೃತ್ತಿ ಹಾರ್ಟ್‌ಬ್ಲೀಡ್‌ನಿಂದ ಪಾರಾಗಿದ್ದು ಎಚ್ಚರಿಕೆಯಿಂದ ಅಲ್ಲ, ಅದೃಷ್ಟದಿಂದ. ಅದೇ 0.9.8ರಲ್ಲಿ ಬೇರೆ ಲೋಪಗಳಿದ್ದವು, ಅವುಗಳಿಗೂ ತೇಪೆ ಬೇಕಾಗುತ್ತಿತ್ತು. 2015ರ ಕೊನೆಗೆ ಆ ಆವೃತ್ತಿಯ ಬೆಂಬಲವೇ ನಿಂತಿತು. ಆಮೇಲೆ ಕಂಡುಬಂದ ಲೋಪಕ್ಕೆ ಪರಿಹಾರ ಕೊಡುವವರೇ ಇಲ್ಲ. ಹೊಸ ಸೌಲಭ್ಯ ತರುವ ಆವೃತ್ತಿ ಬೇರೆ, ಗೊತ್ತಿರುವ ಲೋಪವನ್ನು ಮುಚ್ಚುವ ಭದ್ರತಾ ತೇಪೆ ಬೇರೆ. ಮೊದಲನೆಯದಕ್ಕೆ ನಾಲ್ಕು ದಿನ ಕಾದು ನೋಡಿದರೆ ತಪ್ಪಿಲ್ಲ. ಎರಡನೆಯದನ್ನು ಮುಂದೂಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಆಂಡ್ರಾಯ್ಡ್‌ನಲ್ಲಿ 2015ರಿಂದ ಗೂಗಲ್ ಭದ್ರತಾ ತೇಪೆಗಳನ್ನು ಬೇರೆಯಾಗಿಯೇ ಕೊಡುತ್ತಿದೆ.

ಫೋನ್ ನಿಧಾನವಾಗುತ್ತದೆ ಎಂಬ ಮಾತೂ ಪೂರ್ತಿ ಕಟ್ಟುಕಥೆಯಲ್ಲ. ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಫೋನ್ ತಾನಾಗಿ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಎಂಬುದು ಅದರ ವಿವರಣೆ. ಜನರಿಗೆ ಸಿಟ್ಟು ಬಂದದ್ದು ಅದನ್ನು ಮೊದಲೇ ಹೇಳಲಿಲ್ಲ ಎಂದು. ಅಪ್‌ಡೇಟ್‌ನಲ್ಲಿ ಏನಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರೆ ಮಾತ್ರ ಜನ ಅದನ್ನು ನಂಬುತ್ತಾರೆ. ಆದರೆ ಉದ್ದವನ್ನು ಸರಿಯಾಗಿ ಎಣಿಸುವಂಥ ಕೆಲವು ಸಾಲುಗಳ ತೇಪೆಯಿಂದ ಫೋನ್ ನಿಧಾನವಾಗುವುದಿಲ್ಲ.

ಅಪ್‌ಡೇಟ್ ಅಸಲಿ ಎಂದು ಫೋನಿಗೆ ಹೇಗೆ ಗೊತ್ತು?

ಎನ್‌ಕ್ರಿಪ್ಷನ್‌ಗೆ ಸಂಬಂಧಿಸಿದ ಗಣಿತವೇ ಇಲ್ಲಿಯೂ ನೆರವಿಗೆ ಬರುತ್ತದೆ. ತಯಾರಕರು ಅಪ್‌ಡೇಟ್ ಕಡತಕ್ಕೆ ತಮ್ಮ ಗುಪ್ತ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತಾರೆ. ಆ ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿ ನಮ್ಮ ಫೋನಿನಲ್ಲಿ ಮೊದಲೇ ಇರುತ್ತದೆ. ದಾರಿಯಲ್ಲಿ ಯಾರಾದರೂ ಕಡತದ ಒಂದು ಅಕ್ಷರ ಬದಲಿಸಿದರೂ ಸಹಿ ಹೊಂದುವುದಿಲ್ಲ, ಫೋನ್ ಅದನ್ನು ತಿರಸ್ಕರಿಸುತ್ತದೆ.

ಇದೇ ಕಾರಣಕ್ಕೆ ಮೋಸಗಾರರು ಈ ದಾರಿಯನ್ನು ಬಿಟ್ಟು ನಮ್ಮನ್ನೇ ನಂಬಿಸಲು ನೋಡುತ್ತಾರೆ. 'ನಿಮ್ಮ ಬ್ಯಾಂಕ್ ಆ್ಯಪ್ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಇಂದು ರಾತ್ರಿ ಖಾತೆ ಬಂದ್' ಎಂಬ ಮೆಸೇಜಿನ ಜೊತೆ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಕಡತ ಬಂದರೆ ಅದು ಅಪ್‌ಡೇಟ್ ಅಲ್ಲ, ಬಲೆ. ನಿಜವಾದ ಅಪ್‌ಡೇಟ್ ಬರುವುದು ಫೋನಿನ ಸೆಟ್ಟಿಂಗ್ಸ್‌ನಿಂದ ಅಥವಾ ಅಧಿಕೃತ ಆ್ಯಪ್ ಸ್ಟೋರಿನಿಂದ. ಲಿಂಕ್ ಮೂಲಕ ಬಂದದ್ದನ್ನು ಇನ್‌ಸ್ಟಾಲ್ ಮಾಡಬಾರದು, ಅನುಮಾನ ಬಂದರೆ ಸ್ಟೋರ್ ತೆರೆದು ಅಲ್ಲೇ ನೋಡಬೇಕು.

ಅಪ್‌ಡೇಟ್ ಬಾರದ ಯಂತ್ರಗಳು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಷ್ಟ ಉಳಿಯುತ್ತದೆ. ಮಾಡಿಕೊಳ್ಳಲು ನಾವು ಸಿದ್ಧರಿದ್ದರೂ ಅಪ್‌ಡೇಟ್ ಬರಬೇಕಲ್ಲ? ಆಂಡ್ರಾಯ್ಡ್ 4.1.1ರಲ್ಲಿ ಹಾರ್ಟ್‌ಬ್ಲೀಡ್ ಲೋಪವಿತ್ತು ಎಂದು ಗೂಗಲ್ ಹೇಳಿತ್ತು. ಆದರೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅಪ್‌ಡೇಟ್ ಬಳಕೆದಾರರಿಗೆ ತಲುಪಬೇಕಾದರೆ ಸಾಮಾನ್ಯವಾಗಿ ಫೋನ್ ತಯಾರಕರೂ ಕೈಜೋಡಿಸಬೇಕು. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ ವೈಫೈ ಭದ್ರತೆಯಲ್ಲಿ ಕ್ರ್ಯಾಕ್ ಎಂಬ ಲೋಪವನ್ನು ಬಹಿರಂಗಪಡಿಸಿದಾಗಲೂ ಇದೇ ಸಮಸ್ಯೆ ಎದುರಾಯಿತು. ಅದಕ್ಕೆ ಪರಿಹಾರ ಅಪ್‌ಡೇಟ್ ಆಗಿತ್ತು. ಆದರೆ ಮನೆಯ ಮೂಲೆಯಲ್ಲಿ ಮಿಣುಕುವ ರೌಟರ್‌ಗೆ ಅಪ್‌ಡೇಟ್ ಮಾಡಬೇಕೆಂಬುದೇ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಆ ದಿನವೇನೂ ಕೆಡಲಿಲ್ಲ, ನಿನ್ನೆಯಂತೆಯೇ ಓಡಿತು. ಅದರಿಂದಲೇ ಈ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು, ಹಳೆಯ ಕಂಪ್ಯೂಟರಿನಲ್ಲೇ ಕೆಲಸ ನಡೆಸುವ ಸಣ್ಣ ಕಚೇರಿಗಳು, ಅಂದರೆ ಹೊಸದನ್ನು ಕೊಳ್ಳಲು ಹಣ ಕಡಿಮೆ ಇರುವವರೇ ಇದರ ಭಾರ ಹೊರುವುದು.

ಹಾಗಾಗಿ ಜವಾಬ್ದಾರಿಯನ್ನೆಲ್ಲ ಬಳಕೆದಾರರ ಮೇಲೆ ಹಾಕುವುದು ನ್ಯಾಯವಲ್ಲ. ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ತಯಾರಕರು ಮಾರುವಾಗಲೇ ಹೇಳಬೇಕು, ಹೇಳಿದಂತೆ ನಡೆಯಬೇಕು. ತಂತ್ರಾಂಶ ಬರೆಯುವವರಿಗೂ ಆಸರೆ ಬೇಕು. ಹಾರ್ಟ್‌ಬ್ಲೀಡ್ ಹೊತ್ತಿಗೆ ಓಪನ್ಎಸ್ಎಸ್ಎಲ್‌ಗೆ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸ ಮಾಡುತ್ತಿದ್ದವರು ಒಬ್ಬರೇ. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಅದನ್ನೇ ನಂಬಿಕೊಂಡಿದ್ದವು. ಲೋಪ ಬಯಲಾದ ಮೇಲೆ ಲಿನಕ್ಸ್ ಫೌಂಡೇಶನ್ ಮುಂದಾಳತ್ವದಲ್ಲಿ ಕಂಪನಿಗಳು ಸೇರಿ ಇಂಥ ಯೋಜನೆಗಳಿಗೆ ಹಣ ಒದಗಿಸಲು ಆರಂಭಿಸಿದವು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಫೋನ್ ಮತ್ತು ಕಂಪ್ಯೂಟರಿನಲ್ಲಿ ಸ್ವಯಂಚಾಲಿತ ಅಪ್‌ಡೇಟ್ ಆಯ್ಕೆಯನ್ನು ಆನ್ ಮಾಡಿಡೋಣ. ರಾತ್ರಿ ವೈಫೈ ಇದ್ದಾಗ, ಚಾರ್ಜ್‌ಗೆ ಹಾಕಿದಾಗ ಅದು ತಾನೇ ಆಗಲಿ. ಕೇಳಿದಾಗ ರೀಸ್ಟಾರ್ಟ್ ಮಾಡೋಣ.

ಎರಡನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಫೋನಿನ ಭದ್ರತಾ ಅಪ್‌ಡೇಟ್‌ನ ದಿನಾಂಕವನ್ನು ಒಮ್ಮೆ ನೋಡೋಣ. ಅದು ವರ್ಷಕ್ಕಿಂತ ಹಳೆಯದಾಗಿದ್ದು ಹೊಸದೂ ಬರದಿದ್ದರೆ ಆ ಫೋನನ್ನು ಹಾಡು ಕೇಳಲು, ವಿಡಿಯೊ ನೋಡಲು ಇಟ್ಟುಕೊಳ್ಳಬಹುದು. ಹಣದ ವ್ಯವಹಾರವನ್ನು ಅಪ್‌ಡೇಟ್ ಬರುವ ಸಾಧನದಲ್ಲಿ ಮಾಡುವುದು ಒಳ್ಳೆಯದು. ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಹಾಗೆಯೇ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದೂ ಕೇಳೋಣ.

ಮೂರನೆಯದಾಗಿ, ಯಾವುದಾದರೂ ಸೇವೆ 'ನಮ್ಮಲ್ಲಿ ಲೋಪವಿತ್ತು, ಸರಿಪಡಿಸಿದ್ದೇವೆ' ಎಂದು ಪ್ರಕಟಿಸಿದರೆ ಅಲ್ಲಿನ ಪಾಸ್‌ವರ್ಡ್ ಬದಲಿಸೋಣ. ಅದೇ ಪಾಸ್‌ವರ್ಡ್ ಬೇರೆ ಕಡೆ ಬಳಸಿದ್ದರೆ ಅಲ್ಲಿಯೂ ಬದಲಿಸೋಣ. ನಮ್ಮ ದೇಶದಲ್ಲಿ ಇಂಥ ಲೋಪಗಳ ಬಗ್ಗೆ ಎಚ್ಚರಿಕೆ ನೀಡುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್. ಅದರ ಪ್ರಕಟಣೆಗಳು ಪತ್ರಿಕೆಗಳಲ್ಲೂ ಬರುತ್ತಿರುತ್ತವೆ.

ಕೊನೆಯದಾಗಿ, ಮನೆಯ ಹಿರಿಯರ ಫೋನ್ ಮತ್ತು ಮನೆಯ ರೌಟರ್, ಇವೆರಡನ್ನೂ ನೋಡುವವರು ಯಾರೂ ಇರುವುದಿಲ್ಲ. ಪಿಂಚಣಿ ಬರುವ ಖಾತೆ ಇರುವುದು ಆ ಫೋನಿನಲ್ಲೇ, ಅದು ಇಂಟರ್ನೆಟ್‌ಗೆ ಸೇರುವುದು ಆ ರೌಟರ್ ಮೂಲಕವೇ. ಮುಂದಿನ ಸಲ ಊರಿಗೆ ಹೋದಾಗ ಹತ್ತು ನಿಮಿಷ ಕುಳಿತು ಎರಡರಲ್ಲೂ ಬಾಕಿ ಇರುವ ಅಪ್‌ಡೇಟ್ ಮುಗಿಸಿ ಬರೋಣ.